ಅಂಚೆ ಕಚೇರಿಯ ಕಿಟಕಿಗೆ ಹೂವಿನ ಪ್ಯಾಂಟು

ಪರದೆಯಪ್ಪ ನಲವತ್ತು ವರ್ಷದಿಂದ ಪರದೆಯನ್ನಲ್ಲದೆ ಬೇರೇನನ್ನೂ ಹೊಲಿದವನಲ್ಲ. ಅಂಗಿ ಹೊಲಿದುಕೊಡಿ ಎಂದು ಯಾರಾದರೂ ಅಂಗಡಿ ಹತ್ತಿದರೆ, "ಮನುಷ್ಯ ಕೂರ್ತಾನೆ, ಏಳ್ತಾನೆ, ದಪ್ಪ ಆಗ್ತಾನೆ, ಸಣ್ಣ ಆಗ್ತಾನೆ. ಅವನ ಅಳತೆ ತಗೊಂಡು ಏನು ಮಾಡ್ಲಿ? ಕಿಟಕಿ ನೋಡಿ, ಕಟ್ಟಿದ ದಿನ ಎಷ್ಟಿತ್ತೋ ಇವತ್ತೂ ಅಷ್ಟೇ ಇದೆ. ಮರ್ಯಾದಸ್ಥ ವಸ್ತು," ಎಂದು ಹೇಳಿ ಕಳಿಸಿಬಿಡುತ್ತಿದ್ದ. ಬೀದಿಯವರು ಅದಕ್ಕೇ ಆ ಹೆಸರಿಟ್ಟಿದ್ದರು. ಹೆತ್ತವರು ಇಟ್ಟ ಹೆಸರು ಬೇರೆ ಏನೋ ಇತ್ತು. ಅದು ಬೇಕಾದಾಗ ಅವನೂ ಸ್ವಲ್ಪ ಯೋಚಿಸಬೇಕಾಗುತ್ತಿತ್ತು.

ಅವನ ಬಾಯಲ್ಲಿ ಸದಾ ಇರುತ್ತಿದ್ದ ಮಾತು ಇದು: "ಬಟ್ಟೆ ನನ್ನ ಕೈಗೆ ಬರಲಿ, ಅದರ ಹಣೆಬರಹ ಹೇಳ್ತೀನಿ. ಕಿಟಕಿಗೆ ಹುಟ್ಟಿದ್ದೋ ಬಾಗಿಲಿಗೆ ಹುಟ್ಟಿದ್ದೋ, ಕಣ್ಣು ಮುಚ್ಕೊಂಡು ಹೇಳ್ತೀನಿ." ಬೀದಿಯವರು ಇದನ್ನು ನಂಬಿದ್ದರು. ಒಬ್ಬ ಮನುಷ್ಯ ನಲವತ್ತು ವರ್ಷ ಒಂದೇ ಸ್ಟೂಲಿನ ಮೇಲೆ ಕೂತು ಒಂದೇ ಮಾತು ಹೇಳಿದರೆ ನಂಬದೆ ಏನು ಮಾಡಲಿಕ್ಕಾಗುತ್ತದೆ?

ಅವನಿಗೆ ಇದ್ದದ್ದು ಒಂದೇ ದೋಷ. ಹೊಲಿಗೆ ಯಂತ್ರ ತುಳಿಯುತ್ತಿರುವಾಗ ಯಾರು ಏನು ಹೇಳಿದರೂ "ಹ್ಞೂಂ" ಅನ್ನುತ್ತಿದ್ದ. ಮಾತು ಕಿವಿಯವರೆಗೆ ಬರುತ್ತಿತ್ತು, ಒಳಗೆ ಹೋಗುತ್ತಿರಲಿಲ್ಲ. ಹೀಗೆ ಹ್ಞೂಂ ಅಂದೇ ಎರಡು ಮದುವೆಗೆ ಒಪ್ಪಿಕೊಂಡು, ಎರಡಕ್ಕೂ ಹೋಗದೆ, ಭಾವಮೈದುನನ ಜೊತೆ ಹನ್ನೊಂದು ವರ್ಷದಿಂದ ಮಾತು ಕಳೆದುಕೊಂಡಿದ್ದ. ಭಾವಮೈದುನ ಮಾತು ಬಿಟ್ಟಿದ್ದಾನೆ ಎಂಬುದು ಅವನಿಗೆ ಮೂರನೇ ವರ್ಷ ಗೊತ್ತಾಯಿತು.

ಅವನ ಹೆಂಡತಿ ಬೀದಿ ಕೊನೆಯ ನರ್ಸಿಂಗ್ ಹೋಮಿನಲ್ಲಿ ಮೂವತ್ತೊಂದು ವರ್ಷದಿಂದ ನರ್ಸು. ಎಲ್ಲರಿಗೂ ಸಿಸ್ಟರಮ್ಮ. ಬರುವ ಶನಿವಾರ ಸಂಜೆ ನಾಲ್ಕಕ್ಕೆ ಅವಳಿಗೆ ಬೀಳ್ಕೊಡುಗೆ ಎಂದು ಗೊತ್ತಾಗಿತ್ತು. ಮೂವತ್ತೊಂದು ವರ್ಷ ಬಿಳಿ ಬಟ್ಟೆ ತೊಟ್ಟು, ಬಿಳಿ ಗೋಡೆಗಳ ನಡುವೆ, ಬಿಳಿ ಮುಖದ ರೋಗಿಗಳನ್ನು ನೋಡಿದವಳು ಅವಳು. ಒಂದು ಸಂಜೆ ಡ್ಯೂಟಿ ಮುಗಿಸಿ ಬರುತ್ತಿದ್ದಾಗ ರೆಡಿಮೇಡ್ ಅಂಗಡಿಯ ಗಾಜಿನೊಳಗೆ ಒಂದು ಪಲಾಝೊ ಪ್ಯಾಂಟು ಕಂಡಿತು. ಕಡುಹಸಿರು ನೆಲ, ಅದರ ತುಂಬ ಅಂಗೈಯಗಲದ ಕೆಂಪು, ಹಳದಿ ಹೂವು. ಒಂದೊಂದು ಕಾಲಿನೊಳಗೂ ಇಬ್ಬಿಬ್ಬರು ಇಳಿಯಬಹುದು, ಅಷ್ಟಗಲ. ಸಿಸ್ಟರಮ್ಮ ಮೂರು ವಾರ ದಿನಾ ಆ ಗಾಜಿನ ಮುಂದೆ ನಿಂತು ಹೋದಳು. ನಾಲ್ಕನೇ ವಾರ ಒಳಗೆ ಹೋದಳು.

ಅಂಗಡಿಯ ಹುಡುಗಿ ಬುದ್ಧಿವಂತೆ. "ಆಂಟಿ, ಕೆಳಗೆ ಇಷ್ಟು ಹೂವು ಇದ್ದಾಗ ಮೇಲೆ ಒಂದೂ ಇರಬಾರದು. ಒಂದೇ ಬಣ್ಣದ ಟಾಪು, ಸ್ವಲ್ಪ ಮೈಗೆ ಕೂರೋ ಅಂಥದ್ದು. ಮೇಲೂ ಸಡಿಲ ಕೆಳಗೂ ಸಡಿಲ ಆದ್ರೆ ಡೇರೆ ನಡ್ಕೊಂಡು ಬಂದ ಹಾಗೆ ಕಾಣುತ್ತೆ," ಅಂದಳು. ಸಿಸ್ಟರಮ್ಮ ಕಡುನೀಲಿ ಟಾಪು ತಗೊಂಡಳು. ಮನೆಗೆ ತಂದು ಪ್ಯಾಂಟನ್ನು ಒಳಮೈ ಹೊರಗೆ ಮಾಡಿ, ತಣ್ಣೀರಿಗೆ ಚಿಟಿಕೆ ಉಪ್ಪು ಹಾಕಿ ಅದ್ದಿ ತೆಗೆದು, ಹಿಂಡದೆ, ಮಲಗುವ ಕೋಣೆಯ ಬಾಗಿಲ ಹಿಂದೆ ಒಣಹಾಕಿದಳು. ಬಣ್ಣ ಬಿಸಿಲಿಗೆ ಬೀಳಬಾರದು ಎಂಬುದು ಅರ್ಧ ಕಾರಣ, ಎದುರುಮನೆ ಅಕ್ಕನ ಕಣ್ಣಿಗೆ ಬೀಳಬಾರದು ಎಂಬುದು ಇನ್ನರ್ಧ. ಆ ಅಕ್ಕ, ಹಗ್ಗದ ಮೇಲೆ ಒಣಗುವ ಬಟ್ಟೆ ನೋಡಿಯೇ ಒಂದು ಮನೆಯ ಜಾತಕ ಬರೆಯಬಲ್ಲವಳು.

ಸೋಮವಾರ ಬೆಳಿಗ್ಗೆ ಸಿಸ್ಟರಮ್ಮ ಪ್ಯಾಂಟನ್ನು ಮಡಿಚಿ, ಅದರ ಮೇಲೆ ಒಂದು ಚೀಟಿ ಸಿಕ್ಕಿಸಿ, ಮನೆಯ ಮುಂಭಾಗದಲ್ಲೇ ಇದ್ದ ಅಂಗಡಿಗೆ ಬಂದಳು. ಯಂತ್ರ ಓಡುತ್ತಿತ್ತು.

"ನೋಡ್ರೀ, ಇದು ನಂದು. ಶನಿವಾರ ಹಾಕ್ಕೊಳ್ಳೋದು. ಕೆಳಗೆ ಒಂದೂವರೆ ಇಂಚು ಉದ್ದ ಆಗಿದೆ, ಮಡಿಚಿ ಹೊಲಿದುಬಿಡಿ. ನೇರ ಹೊಲಿಗೆ ತಾನೆ, ನಿಮ್ಮ ಪರದೆಗೆ ಹಾಕಿದ ಹಾಗೇ."

"ಹ್ಞೂಂ."

"ಯಾರಿಗೂ ತೋರಿಸ್ಬೇಡಿ."

"ಹ್ಞೂಂ."

"ನಾನು ಏನಂದೆ ಈಗ?"

"ಹ್ಞೂಂ."

ಸಿಸ್ಟರಮ್ಮ ಗಡಿಯಾರ ನೋಡಿದಳು, ಗಂಡನನ್ನು ನೋಡಿದಳು, ಪೊಟ್ಟಣವನ್ನು ಮೇಜಿನ ಮೇಲಿಟ್ಟು ಡ್ಯೂಟಿಗೆ ಹೋದಳು.

ಅದೇ ಮೇಜಿನ ಮೇಲೆ ಅಂದು ಇನ್ನೊಂದು ಪೊಟ್ಟಣ ಬರಬೇಕಿತ್ತು. ಹಿಂದಿನ ವಾರ ಪೋಸ್ಟ್ ಮಾಸ್ತರರು ಬಂದು, "ಶನಿವಾರ ಮೇಲಿನಿಂದ ತಪಾಸಣೆ ಇದೆ ಪರದೆಯಪ್ಪ. ಕೌಂಟರಿನ ಕಿಟಕಿಗೆ ಎರಡು ಪರದೆ ಆಗಬೇಕು. ಬಟ್ಟೆ ತರಿಸ್ತಿದ್ದೀನಿ, ಹೂವಿನದ್ದಂತೆ, ನಾನೂ ನೋಡಿಲ್ಲ. ಸೋಮವಾರ ನಿಮ್ಮ ಅಂಗಡಿಗೇ ಬರುತ್ತೆ," ಎಂದಿದ್ದರು. ಆ ಹೊತ್ತಿಗೆ ಯಂತ್ರದ ದಾರ ಹರಿದು ನಿಂತಿದ್ದರಿಂದ ಅಷ್ಟೂ ಮಾತು ಪರದೆಯಪ್ಪನ ತಲೆಗೆ ಹೋಗಿತ್ತು. ದುರದೃಷ್ಟ ಅಂದರೆ ಇದೇ.

ಹತ್ತು ಗಂಟೆಗೆ ಕೈಯಲ್ಲಿದ್ದ ಕೆಲಸ ಮುಗಿಯಿತು. ಪರದೆಯಪ್ಪ ತಲೆಯೆತ್ತಿದ. ಹೂವಿನ ಬಟ್ಟೆ ಕಂಡಿತು, ಚೀಟಿ ಕಂಡಿತು: 'ಕೆಳಗೆ ಒಂದೂವರೆ ಇಂಚು. ಶುಕ್ರವಾರದೊಳಗೆ ಬೇಕು.'

"ಸರಕಾರಿ ಜನ ಅಂದ್ರೆ ಇವರು. ಸೋಮವಾರ ಅಂದ್ರು, ಸೋಮವಾರ ಕಳಿಸಿದ್ರು," ಎಂದು ಮೆಚ್ಚಿ, ಬಟ್ಟೆ ಬಿಡಿಸಿದ. ಬಿಡಿಸಿದವನಿಗೆ ಮೈ ಉರಿಯಿತು. ಒಳ್ಳೆಯ ಎರಡು ಪರದೆಯನ್ನು ಯಾರೋ ಕೆಲಸ ಗೊತ್ತಿಲ್ಲದವರು ಕೊಳವೆಯ ಹಾಗೆ ಹೊಲಿದು, ಮೇಲ್ಗಡೆ ಒಂದಕ್ಕೊಂದು ಅಂಟಿಸಿ, ತಲೆಗೆ ಎಲಾಸ್ಟಿಕ್ ಬೇರೆ ತುರುಕಿದ್ದರು.

"ಪರದೆಗೆ ಎಲಾಸ್ಟಿಕ್! ಕಿಟಕಿ ಏನು ಉಸಿರಾಡುತ್ತಾ?"

ಜೇಬು ಸಿಕ್ಕಿತು. ಇನ್ನೊಂದು ಬದಿಯಲ್ಲಿ ಇನ್ನೊಂದು ಜೇಬು. ಇದಕ್ಕೆ ಮಾತ್ರ ಅವನು ಒಳಗೆ ಕೈ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದ. ನಲವತ್ತು ವರ್ಷದಲ್ಲಿ ಜೇಬಿರುವ ಪರದೆ ಅವನ ಕೈಗೆ ಬಂದಿರಲಿಲ್ಲ. ಆದರೆ ಕಚೇರಿ ಅಂದ ಮೇಲೆ ಫಾರಂ ಇರುತ್ತದೆ, ಫಾರಂ ಇಡಲು ಜಾಗ ಬೇಕಾಗುತ್ತದೆ. ಇಲಾಖೆಯವರು ಯೋಚನೆ ಮಾಡಿಯೇ ಮಾಡಿರುತ್ತಾರೆ ಎಂದು ಜೇಬನ್ನು ಹಾಗೇ ಉಳಿಸಿದ. ಒಳಗೆ ಒಂದು ಸಣ್ಣ ಬಿಳಿ ಪಟ್ಟಿ ಇತ್ತು: ಬಕೆಟಿನಲ್ಲಿ ಅದ್ದಿದ ಕೈ, ಗೆರೆ ಹೊಡೆದ ತ್ರಿಕೋನ, ಹೊಟ್ಟೆಯಲ್ಲಿ ಒಂದು ಚುಕ್ಕೆ ಇಟ್ಟುಕೊಂಡ ಇಸ್ತ್ರಿಪೆಟ್ಟಿಗೆ. ಇಲಾಖೆಯ ಗುಪ್ತ ಸಂಕೇತ ಇರಬೇಕು, ನಮಗೇಕೆ ಎಂದು ಅದನ್ನು ಬಿಚ್ಚಿ ಕಸಕ್ಕೆ ಹಾಕಿದ.

ಕತ್ತರಿ ಹಾಕುವುದು ಅವನ ಜಾಯಮಾನವಲ್ಲ. ಬಟ್ಟೆ ಕತ್ತರಿಸಿದವನು ಕೈಲಾಗದವನು ಎಂಬುದು ಅವನ ಸಿದ್ಧಾಂತ. ಹೊಲಿಗೆಗಳನ್ನು ಒಂದೊಂದಾಗಿ ಬಿಚ್ಚಿ, ಮೇಲಿನ ಸೊಟ್ಟ ಭಾಗವನ್ನು ಒಳಗೆ ಮಡಿಚಿ, ಎಲಾಸ್ಟಿಕ್ ತೆಗೆದು, ಪರದೆಯ ಸರಳು ತೂರಿಸುವ ಬಳೆ ಕೂರಿಸಿದ. ಕೆಳಗೆ ಒಂದೂವರೆ ಇಂಚು ಮಡಿಚುವ ಹೊತ್ತಿಗೆ ಅಳತೆ ನೋಡಿದರೆ ಪರದೆ ಕಿಟಕಿಗಿಂತ ಗಿಡ್ಡ ಆಗುತ್ತಿತ್ತು. "ಅವರಿಗೇನು ಗೊತ್ತು," ಎಂದು ಅದೊಂದು ಕೆಲಸವನ್ನು ಮಾತ್ರ ಮಾಡದೆ ಬಿಟ್ಟ.

ಮಂಗಳವಾರ ಪರದೆ ಅಂಚೆ ಕಚೇರಿಯ ಕಿಟಕಿ ಏರಿತು. ಸಾಲಿನಲ್ಲಿ ನಿಂತಿದ್ದ ಜನ ಸರದಿ ಮರೆತು ನೋಡಿದರು. ಪೋಸ್ಟ್ ಮಾಸ್ತರರು ಒಂದು ಜೇಬಿಗೆ ಮನಿಆರ್ಡರ್ ಫಾರಂ ಇಟ್ಟು, ಇನ್ನೊಂದಕ್ಕೆ ಗೋಂದಿನ ಬಾಟಲಿ ಇಟ್ಟು, ಎರಡು ಹೆಜ್ಜೆ ಹಿಂದೆ ಬಂದು ನೋಡಿ ಬಹಳ ಹೊತ್ತು ತಲೆದೂಗಿದರು.

"ಜೇಬು ಇಡೋ ಯೋಚನೆ ನಿಮಗೆ ಹೇಗೆ ಬಂತು ಪರದೆಯಪ್ಪ?"

ಇಲ್ಲೇ ಪರದೆಯಪ್ಪ ಎಡವಿದ್ದು. ಜೇಬು ನಿಮ್ಮದೇ ಅಲ್ಲವೇ ಎಂದು ಕೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಕೇಳಲಿಲ್ಲ. ಅಷ್ಟು ಜನ ನೋಡುತ್ತಿರುವಾಗ ಬಂದ ಹೊಗಳಿಕೆಯನ್ನು ಬೇಡ ಅನ್ನುವವರು ಯಾರಿದ್ದಾರೆ? "ಅನುಭವ ಸಾರ್," ಎಂದುಬಿಟ್ಟ. ಅಷ್ಟಕ್ಕೂ ನಿಲ್ಲಿಸದೆ, ಗಂಟಲು ಸರಿಮಾಡಿಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದ: "ಇಷ್ಟು ದೊಡ್ಡ ಹೂವಿನ ಬಟ್ಟೆ ನೋಡಿ, ಇದು ಕಿಟಕಿಗೇ ಅಂತ ಹುಟ್ಟಿದ್ದು. ಇದನ್ನ ಮೈಮೇಲೆ ಹಾಕ್ಕೊಂಡು ಓಡಾಡೋರು ಯಾರಾದ್ರೂ ಇದ್ರೆ ಅವರಿಗೆ ತಲೆ ಕೆಟ್ಟಿದೆ ಅಂತ ತಿಳ್ಕೊಳ್ಳಿ."

ಸ್ಟಾಂಪು ಕೊಳ್ಳಲು ಬಂದಿದ್ದ ಎದುರುಮನೆ ಅಕ್ಕ, "ನಮ್ಮ ನಡುಮನೆಗೂ ಇದೇ ಥರ ಎರಡು ಮಾಡ್ಕೊಡಪ್ಪ. ಜೇಬು ಸಮೇತ," ಅಂದಳು.

ಪೋಸ್ಟ್ ಮಾಸ್ತರರು ನಿಯಮದ ಮನುಷ್ಯ. ಸಾಮಾನಿನ ಪುಸ್ತಕ ತೆಗೆದು 'ಪರದೆ, ಹೂವಿನದು, ಜೇಬು ಸಹಿತ, ಎರಡು' ಎಂದು ಬರೆದು, ನೂರ ಹದಿನಾಲ್ಕು, ನೂರ ಹದಿನೈದು ಎಂದು ನಂಬರು ಕೊಟ್ಟು, ಎರಡಕ್ಕೂ ಒಳಮೈಯಲ್ಲಿ ಕಚೇರಿಯ ಮೊಹರು ಒತ್ತಿದರು. ಧಡ್, ಧಡ್.

ಗುರುವಾರ ಮಧ್ಯಾಹ್ನ ಪೋಸ್ಟ್‌ಮ್ಯಾನ್ ಸೈಕಲ್ ನಿಲ್ಲಿಸಿ ಒಂದು ಪಾರ್ಸಲ್ ಕೊಟ್ಟ. "ನಮ್ಮ ಸಾಹೇಬರು ತರಿಸಿದ್ದು. ನಮ್ಮದೇ ಪಾರ್ಸಲ್ಲು, ನಮ್ಮವರೇ ಬೇರೆ ಊರಿಗೆ ಕಳಿಸಿಬಿಟ್ಟಿದ್ರು. ಸಾಹೇಬರಿಗೆ ಹೇಳ್ಬೇಡಿ, ಸೋಮವಾರವೇ ಕೊಟ್ಟೆ ಅಂತ ಬರ್ದಿದ್ದೀನಿ."

ಬಿಚ್ಚಿದರೆ ಒಳಗೆ ಹೂವಿನ ಬಟ್ಟೆ. ಸಣ್ಣ ನೀಲಿ ಹೂವು. ಆರು ಗಜ. ಕೊಳವೆ ಇಲ್ಲ, ಎಲಾಸ್ಟಿಕ್ ಇಲ್ಲ, ಜೇಬು ಇಲ್ಲ.

ಪರದೆಯಪ್ಪ ಆ ಬಟ್ಟೆಯನ್ನು ನೋಡಿದ. ಗೋಡೆಯನ್ನು ನೋಡಿದ. ಹಾಗಾದರೆ ಅದು ಯಾರದು ಎಂಬ ಪ್ರಶ್ನೆ ನಿಧಾನವಾಗಿ ಹೊರಟು ಅವನ ತಲೆ ಮುಟ್ಟುವಷ್ಟರಲ್ಲಿ ಸಿಸ್ಟರಮ್ಮ ಡ್ಯೂಟಿಯಿಂದ ಬಂದು ಬಾಗಿಲಲ್ಲಿ ನಿಂತಿದ್ದಳು. ಯಂತ್ರ ಓಡುತ್ತಿರಲಿಲ್ಲ.

"ರೀ, ನನ್ನ ಹೂವಿನ ಪ್ಯಾಂಟು ಆಯ್ತಾ?"

ಪರದೆಯಪ್ಪ ನೀಲಿ ಬಟ್ಟೆಯನ್ನು ಮೇಜಿನ ಕೆಳಗೆ ತಳ್ಳಿದ. "ಹೂವಿನ... ಪ್ಯಾಂಟು."

"ಸೋಮವಾರ ಕೊಟ್ಟೆನಲ್ಲ. ಹ್ಞೂಂ ಹ್ಞೂಂ ಅಂದ್ರಲ್ಲ."

"ಓ, ಅದಾ! ಅದು ಆಯ್ತು. ಅವತ್ತೇ ಆಯ್ತು. ಇಸ್ತ್ರಿಗೆ ಕೊಟ್ಟಿದ್ದೀನಿ."

"ಇಸ್ತ್ರಿಗಾ!" ಸಿಸ್ಟರಮ್ಮ ಎದೆ ಮೇಲೆ ಕೈಯಿಟ್ಟುಕೊಂಡಳು. "ಅವನು ಕೆಂಡದ ಪೆಟ್ಟಿಗೆ ಇಡೋನು ಕಣ್ರೀ! ಅದು ತೆಳು ಬಟ್ಟೆ, ಒಳಮೈ ಹೊರಗೆ ಮಾಡ್ಬೇಕು, ಕಮ್ಮಿ ಬಿಸಿ ಇರ್ಬೇಕು, ಮೇಲೆ ಒಂದು ಬಟ್ಟೆ ಹಾಸ್ಬೇಕು. ಇರಿ, ಹೇಳಿ ಬರ್ತೀನಿ," ಎಂದು ಬಂದ ಕಾಲಲ್ಲೇ ಹೊರಟಳು.

ಅರವತ್ತು ವರ್ಷದ ಪರದೆಯಪ್ಪ ಹಿತ್ತಲ ಬಾಗಿಲಿಂದ ಹಾರಿ, ಎರಡು ಸಂದಿ ದಾಟಿ, ಒಂದು ನಾಯಿಯನ್ನು ಎಬ್ಬಿಸಿ, ಹೆಂಡತಿಗಿಂತ ಇಪ್ಪತ್ತು ಹೆಜ್ಜೆ ಮುಂಚೆ ಇಸ್ತ್ರಿಯವನ ಗಾಡಿ ಮುಟ್ಟಿದ.

"ನಮ್ಮ ಮನೆಯವಳು ಬರ್ತಾಳೆ. ಹೂವಿನ ಪ್ಯಾಂಟು ಕೇಳ್ತಾಳೆ. ನಿನ್ನ ಹತ್ರ ಇದೆ ಅನ್ನು."

"ಎಲ್ಲಿದೆ?"

"ನಿನ್ನ ಹತ್ರ ಇಲ್ಲ. ಇದೆ ಅನ್ನು!" ಎಂದು ಗಾಡಿಯ ಹಿಂದೆ ಕುಕ್ಕರುಗಾಲಿನಲ್ಲಿ ಕೂತ.

ಇಸ್ತ್ರಿಯವನು ಒಳ್ಳೆಯವನು, ಸುಳ್ಳು ಹೇಳಿ ಅಭ್ಯಾಸವಿಲ್ಲ. ಸಿಸ್ಟರಮ್ಮ ಬಂದು ಕೇಳಿದ ಕೂಡಲೇ, "ಇದೆ ಅಮ್ಮ, ನೆನೆಸಿಟ್ಟಿದ್ದೀನಿ," ಅಂದ.

"ನೆನೆಸಿದ್ದೀಯಾ? ಇಸ್ತ್ರಿಗೆ ಕೊಟ್ಟದ್ದನ್ನ ಯಾಕಪ್ಪ ನೆನೆಸಿದೆ? ಎಷ್ಟು ಹೊತ್ತಾಯ್ತು?"

"ಮಂಗಳವಾರದಿಂದ."

"ಅಯ್ಯೋ! ಐದು ನಿಮಿಷದ ಮೇಲೆ ನೀರಲ್ಲಿ ಬಿಡೋ ಹಾಗಿಲ್ಲ ಅದನ್ನ! ಬಣ್ಣ ಏನಾಯ್ತು?"

ಗಾಡಿಯ ಹಿಂದಿನಿಂದ ಯಾರೋ ಕಾಲು ಚಿವುಟಿದರು. "ಬಣ್ಣ... ಒಣಗ್ತಾ ಇದೆ ಅಮ್ಮ," ಎಂದ ಇಸ್ತ್ರಿಯವನು.

"ನೋಡಪ್ಪ," ಸಿಸ್ಟರಮ್ಮನ ದನಿ ತಗ್ಗಿತು. ಚುಚ್ಚುಮದ್ದು ಕೊಡುವ ಮುಂಚೆ ಅವಳ ದನಿ ಹೀಗೇ ಆಗುತ್ತಿತ್ತು ಎಂದು ಬೀದಿಯವರೆಲ್ಲ ಬಲ್ಲರು. "ಮೂವತ್ತೊಂದು ವರ್ಷ ಬಿಳಿ ಹಾಕಿದ್ದೀನಿ. ಆ ಬಾಗಿಲಿಂದ ಹೊರಗೆ ಬರೋ ದಿನ ಬಿಳಿ ಹಾಕ್ಕೊಂಡು ಬರಲ್ಲ ಅಂತ ತೀರ್ಮಾನ ಮಾಡಿದ್ದೀನಿ. ಶನಿವಾರ ಮಧ್ಯಾಹ್ನ ನನ್ನ ಪ್ಯಾಂಟು ನನ್ನ ಕೈಲಿರ್ಬೇಕು. ಹೇಗಿದ್ರೂ ಸರಿ, ಅದನ್ನೇ ಹಾಕ್ಕೊಂಡು ಹೋಗ್ತೀನಿ. ಬಣ್ಣ ಹೋಗಿದ್ರೂ ಹಾಕ್ಕೊಳ್ತೀನಿ, ಹರಿದಿದ್ರೂ ಹಾಕ್ಕೊಳ್ತೀನಿ. ಗೊತ್ತಾಯ್ತಾ?"

ಅವಳು ಹೋದ ಮೇಲೂ ಪರದೆಯಪ್ಪ ಗಾಡಿಯ ಹಿಂದೆ ಹಾಗೇ ಕೂತಿದ್ದ. ಹೆಂಡತಿಯ ಬಾಯಿಂದ ಇಷ್ಟು ಉದ್ದದ ಮಾತನ್ನು ಅವನು ಪೂರ್ತಿ ಕೇಳಿದ್ದು ಎಷ್ಟು ವರ್ಷದ ಮೇಲೋ. ಎದ್ದಾಗ ಅವನ ಮುಖ ಬದಲಾಗಿತ್ತು. "ಆ ಪ್ಯಾಂಟನ್ನ ತಂದೇ ತರ್ತೀನಿ," ಎಂದ.

"ಎಲ್ಲಿಂದ?" ಎಂದ ಇಸ್ತ್ರಿಯವನು.

"ಸರಕಾರದಿಂದ."

ಆ ಸಂಜೆಯೇ ನೀಲಿ ಹೂವಿನ ಪರದೆ ಹೊಲಿದು, ಶುಕ್ರವಾರ ಬಾಗಿಲು ತೆಗೆಯುವ ಹೊತ್ತಿಗೇ ಅಂಚೆ ಕಚೇರಿಗೆ ಹೋದ.

"ಸಾರ್, ಅದನ್ನ ಇಳಿಸಿ ಇದನ್ನ ಹಾಕ್ತೀನಿ. ಇದೇ ನಿಜವಾದ್ದು. ಅದು ಸ್ಯಾಂಪಲ್ಲು."

ಪೋಸ್ಟ್ ಮಾಸ್ತರರು ನೀಲಿ ಪರದೆಯನ್ನು ಹಿಂದೆ ಮುಂದೆ ತಿರುಗಿಸಿದರು. "ಇದಕ್ಕೆ ಜೇಬಿಲ್ಲ."

"ಇಡ್ತೀನಿ ಸಾರ್."

"ನಂಬರಿಲ್ಲ. ಅದಕ್ಕೆ ನೂರ ಹದಿನಾಲ್ಕು, ನೂರ ಹದಿನೈದು ಇದೆ. ಮೊಹರಿದೆ. ಮೊಹರು ಬಿದ್ದದ್ದು ಸರಕಾರದ್ದು, ಪರದೆಯಪ್ಪ. ಇಳಿಸಬೇಕಾದ್ರೆ ಉಪಯೋಗಕ್ಕೆ ಬಾರದು ಅಂತ ಅರ್ಜಿ ಆಗಬೇಕು. ಮೂರು ಪ್ರತಿ. ಅದನ್ನ ನಾನು ಮೇಲಕ್ಕೆ ಕಳಿಸಬೇಕು, ಅವರು ಒಬ್ಬರನ್ನ ಕಳಿಸಿ ನೋಡಿಸಬೇಕು."

"ಎಷ್ಟು ದಿನ ಆಗುತ್ತೆ?"

"ಹೋದ ವರ್ಷ ಒಂದು ಸ್ಟೂಲಿಗೆ ಬರೆದಿದ್ದೆ," ಎಂದು ಪೋಸ್ಟ್ ಮಾಸ್ತರರು ಮೂಲೆ ತೋರಿಸಿದರು. ಮೂರು ಕಾಲಿನ ಸ್ಟೂಲು ಅಲ್ಲಿ ಗೋಡೆಗೊರಗಿ ಕಾಯುತ್ತಿತ್ತು.

"ಒಗೆದು ತಂದುಕೊಡ್ತೀನಿ ಸಾರ್, ಧೂಳು ಕೂತಿದೆ."

"ಹಾಕಿ ಮೂರು ದಿನ ಆಗಿಲ್ಲ!"

"ಚಿಟಿಕೆ ಉಪ್ಪು ಹಾಕಿ ತಣ್ಣೀರಲ್ಲಿ..."

"ನಾಳೆ ತಪಾಸಣೆ ಮುಗೀಲಿ. ಸೋಮವಾರ ಬನ್ನಿ."

ಪರದೆಯಪ್ಪ ಹನ್ನೊಂದಕ್ಕೆ ಬಂದ, ಒಂದಕ್ಕೆ ಬಂದ, ಮೂರಕ್ಕೆ ಬಂದ. ಬಳೆ ಸಡಿಲ ಆಗಿದೆ ಎಂದ, ಇಲ್ಲ ಅಂದರು. ಹುಳ ಹಿಡಿದಿದೆ ಎಂದ, ತೋರಿಸಿ ಅಂದರು. ನಾಲ್ಕನೇ ಸಲ ಬಂದಾಗ, ಸುಮ್ಮನೆ ಕಿಟಕಿ ಪಕ್ಕ ನಿಂತಿರುತ್ತೇನೆ ಎಂದದ್ದಕ್ಕೆ ಪೋಸ್ಟ್ ಮಾಸ್ತರರು ಸಾಲಿನಲ್ಲಿದ್ದವರಿಗೆ, "ಕಲಾವಿದರು ಹಾಗೇ. ಮಾಡಿದ ಕೆಲಸ ಬಿಟ್ಟು ಹೋಗೋಕೆ ಮನಸ್ಸು ಬರಲ್ಲ," ಎಂದು ವಿವರಿಸಿದರು.

ಶನಿವಾರ ಬೆಳಿಗ್ಗೆ ಹತ್ತಕ್ಕೆ ತಪಾಸಣೆ ಸಾಹೇಬರು ಬಂದರು. ತೆಳ್ಳಗಿನ ಮನುಷ್ಯ, ನೆಗಡಿ ಬೇರೆ. ಏನು ತೋರಿಸಿದರೂ "ಮುಂದೆ" ಎನ್ನುತ್ತಿದ್ದರು. ತಕ್ಕಡಿ ತೋರಿಸಿದರು, ಮುಂದೆ. ಬೀರು ತೋರಿಸಿದರು, ಮುಂದೆ. ಕಿಟಕಿಯ ಹತ್ತಿರ ಬಂದಾಗ ಪೋಸ್ಟ್ ಮಾಸ್ತರರು ಎದೆಯುಬ್ಬಿಸಿ, "ಪರದೆ ಸಾರ್. ಹೊಸದು. ಜೇಬು ಸಹಿತ," ಅಂದರು.

ಸಾಲಿನ ಹಿಂದೆ ನಿಂತಿದ್ದ ಪರದೆಯಪ್ಪನಿಗೆ ಎದುರಿನ ಗಡಿಯಾರ ಕಾಣುತ್ತಿತ್ತು. ನಾಲ್ಕು ಗಂಟೆಗೆ ಇನ್ನು ಆರು ಗಂಟೆ ಸಹ ಇಲ್ಲ. ಬಿಚ್ಚಿದ್ದನ್ನು ಜೋಡಿಸಲು ಮೂರು ಗಂಟೆಯಾದರೂ ಬೇಕು. ಸಾಲಿನಲ್ಲಿ ಇದ್ದವರೆಲ್ಲ ಗುರುತಿನವರೇ. ಅವರಲ್ಲಿ ಹೆಚ್ಚಿನವರ ಕಿಟಕಿಗೆ ಅವನದೇ ಪರದೆ. ನಲವತ್ತು ವರ್ಷದ ಹೆಸರು ಒಂದು ಕಡೆ, ಹೆಂಡತಿಯ ಒಂದು ಸಂಜೆ ಇನ್ನೊಂದು ಕಡೆ. ಪರದೆಯಪ್ಪ ಮುಂದೆ ಬಂದ.

"ಸಾಹೇಬ್ರೇ, ಅದು ಪರದೆ ಅಲ್ಲ. ನನ್ನ ಹೆಂಡತಿ ಪ್ಯಾಂಟು."

ತಪಾಸಣೆ ಸಾಹೇಬರು ಮೂಗಿಗೆ ಹಿಡಿದಿದ್ದ ಕರವಸ್ತ್ರ ಇಳಿಸಿ ಅವನನ್ನು ನೋಡಿದರು. ಆಮೇಲೆ ಎಲ್ಲರೂ ನಕ್ಕರು. ಪೋಸ್ಟ್ ಮಾಸ್ತರರೂ ನಕ್ಕರು. "ತಮಾಷೆ ಮನುಷ್ಯ ಸಾರ್ ಇವರು."

"ತಮಾಷೆ ಅಲ್ಲ! ಪ್ಯಾಂಟು ಅದು! ಗೊತ್ತಾಗದೆ ಬಿಚ್ಚಿಬಿಟ್ಟೆ!"

"ನಿನಗೆ ಬಟ್ಟೆ ಗೊತ್ತಾಗ್ಲಿಲ್ವಾ? ನಿನಗಾ?" ಎಂದಳು ಎದುರುಮನೆ ಅಕ್ಕ. ಅವಳು ಆ ವಾರ ದಿನಾ ಒಂದು ಸ್ಟಾಂಪು ಕೊಳ್ಳುತ್ತಿದ್ದಳು. "ಮೈಮೇಲೆ ಹಾಕ್ಕೊಳ್ಳೋರಿಗೆ ತಲೆ ಕೆಟ್ಟಿದೆ ಅಂತ ನೀನೇ ಅಂದೆ. ನಾನು ಇಲ್ಲೇ ನಿಂತು ಕೇಳಿದ್ದೀನಿ."

"ಕಿಟಕಿಗೇ ಹುಟ್ಟಿದ್ದು ಅಂದ್ರಿ," ಎಂದ ಇನ್ನೊಬ್ಬ.

"ಪುಸ್ತಕದಲ್ಲಿ ಪರದೆ ಅಂತ ಇದೆ," ಎಂದರು ಪೋಸ್ಟ್ ಮಾಸ್ತರರು, ಇನ್ನು ಮಾತೇ ಇಲ್ಲ ಎಂಬ ಹಾಗೆ.

ತಾನು ಬಾಯ್ತುಂಬ ಹೇಳಿದ ಸುಳ್ಳನ್ನು ಜನ ಇಷ್ಟು ಭದ್ರವಾಗಿ ಇಟ್ಟುಕೊಂಡಿರುತ್ತಾರೆ ಎಂದು ಪರದೆಯಪ್ಪನಿಗೆ ಗೊತ್ತಿರಲಿಲ್ಲ. ಇನ್ನು ಮಾತಿನಿಂದ ಆಗುವ ಕೆಲಸವಲ್ಲ ಎಂದು ಅವನು ಮೂರು ಕಾಲಿನ ಸ್ಟೂಲು ಎಳೆದುಕೊಂಡು ಹತ್ತಿದ. ಸ್ಟೂಲು ಓಲಾಡಿತು, ಅವನು ಓಲಾಡಲಿಲ್ಲ. ಫಾರಂ ತೆಗೆದ, ಗೋಂದಿನ ಬಾಟಲಿ ತೆಗೆದ, ಎರಡೂ ಪರದೆ ಇಳಿಸಿದ. ಕೌಂಟರಿನ ಮೇಲಿದ್ದ ಗುಂಡುಸೂಜಿಯ ಡಬ್ಬಿ ಎಳೆದುಕೊಂಡು ಕಾಲು ಮಾಡಿ, ನಡುವೆ ಸೇರಿಸಿ, ಬಳೆಗಳೊಳಗೆ ಪಾರ್ಸಲ್ ಕಟ್ಟುವ ದಾರ ತೂರಿಸಿದ. ಸರಕಾರಿ ಸ್ವತ್ತು ಸರಕಾರಿ ಸ್ವತ್ತು ಎಂದು ಪೋಸ್ಟ್ ಮಾಸ್ತರರು ಸುತ್ತ ಓಡಾಡುತ್ತಿದ್ದರು. ಪರದೆಯಪ್ಪ ಅದನ್ನು ತನ್ನ ಪ್ಯಾಂಟಿನ ಮೇಲೇ ಏರಿಸಿ, ದಾರ ಎಳೆದು ಗಂಟು ಹಾಕಿ, ಎರಡೂ ಕೈ ಜೇಬಿಗಿಟ್ಟುಕೊಂಡು, ಕೌಂಟರಿನಿಂದ ಬಾಗಿಲವರೆಗೆ ನಡೆದು ತೋರಿಸಿದ. ಗುಂಡುಸೂಜಿ ಅಲ್ಲಲ್ಲಿ ಚುಚ್ಚುತ್ತಿದ್ದುದರಿಂದ ನಡಿಗೆ ಸ್ವಲ್ಪ ಗಂಭೀರವಾಗಿಯೇ ಇತ್ತು.

ಬಾಗಿಲಲ್ಲಿ ಸಿಸ್ಟರಮ್ಮ ನಿಂತಿದ್ದಳು, ಬಿಳಿ ಬಟ್ಟೆಯಲ್ಲಿ. ಪಕ್ಕದಲ್ಲಿ ಇಸ್ತ್ರಿಯವನು. ಎರಡು ದಿನ ಸುಳ್ಳು ಹೊತ್ತು ಊಟ ಸೇರದೆ, ಬೆಳಿಗ್ಗೆ ನರ್ಸಿಂಗ್ ಹೋಮಿಗೇ ಹೋಗಿ ಎಲ್ಲ ಒಪ್ಪಿಸಿದ್ದ.

ಸಿಸ್ಟರಮ್ಮ ಗಂಡನನ್ನು ಕೆಳಗಿಂದ ಮೇಲೆ ನೋಡಿದಳು. ಮೇಲಿಂದ ಕೆಳಗೆ ನೋಡಿದಳು.

"ಅದು ನನ್ನದು," ಎಂದಳು, ಎಲ್ಲರಿಗೂ ಕೇಳುವ ಹಾಗೆ.

ಎದುರುಮನೆ ಅಕ್ಕನ ಕೈಯ ಸ್ಟಾಂಪು ಬೆರಳಿಗೇ ಅಂಟಿಕೊಂಡಿತು. "ನಿನ್ನದಾ? ನೀನು ಹಾಕ್ಕೊಳ್ಳೋದಾ ಸಿಸ್ಟರ್?"

"ಹೌದಕ್ಕ, ಇವತ್ತು ನಾಲ್ಕು ಗಂಟೆಗೆ. ಬಂದು ನೋಡಿ." ಆಮೇಲೆ ಗಂಡನ ಕಡೆ ತಿರುಗಿ, "ಬಿಚ್ಚಿ. ಹೊತ್ತಾಗ್ತಿದೆ," ಎಂದಳು.

ತಪಾಸಣೆ ಸಾಹೇಬರು ಬೋಳು ಕಿಟಕಿಯನ್ನು ನೋಡುತ್ತಿದ್ದರು. ಬೆಳಕು ನೇರ ಬಂದು ಅವರ ಪುಸ್ತಕದ ಮೇಲೆ ಬಿದ್ದಿತ್ತು. 'ಕೌಂಟರಿನಲ್ಲಿ ಬೆಳಕು ಚೆನ್ನಾಗಿದೆ. ಹೀಗೇ ಇರಲಿ' ಎಂದು ಬರೆದರು. ಆಮೇಲೆ ನೂರ ಹದಿನಾಲ್ಕು, ನೂರ ಹದಿನೈದರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ 'ಪ್ಯಾಂಟು' ಎಂದು ಬರೆದು ಸಹಿ ಹಾಕಿ, "ಮುಂದೆ," ಅಂದರು.

ಹನ್ನೆರಡರಿಂದ ಮೂರೂವರೆಯವರೆಗೆ ಅಂಗಡಿಯ ಬಾಗಿಲು ಹಾಕಿತ್ತು. ಪರದೆಯಪ್ಪ ಯಂತ್ರಕ್ಕೆ ಕೂರಲಿಲ್ಲ, ಕೈಯಲ್ಲೇ ಹೊಲಿದ, ಕೆಳಗಿನ ಒಂದೂವರೆ ಇಂಚು ಸಮೇತ. ಸಿಸ್ಟರಮ್ಮ ಎದುರು ಕೂತು, ಕೈಗೆ ಹತ್ತಿ, ಸ್ಪಿರಿಟ್ಟು ತಗೊಂಡು, ಒಳಮೈಯ ಮೊಹರನ್ನು ಗಾಯ ಒರೆಸುವ ಹಾಗೆ ಒತ್ತಿ ಒತ್ತಿ ತೆಗೆದಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

ಬಹಳ ಹೊತ್ತಾದ ಮೇಲೆ, "ತಲೆ ಕೆಟ್ಟಿದೆ ಅಂದ್ರಂತೆ, ಇದನ್ನ ಹಾಕ್ಕೊಳ್ಳೋರಿಗೆ," ಎಂದಳು.

"ಅಂದೆ," ಎಂದ ಪರದೆಯಪ್ಪ. ಸೂಜಿ ನಿಲ್ಲಿಸಿದ. "ಆಮೇಲೆ ನಾನೇ ಹಾಕ್ಕೊಂಡೆನಲ್ಲ."

ಸಿಸ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ. ಹತ್ತಿಯನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಸ್ಪಿರಿಟ್ಟಿನ ಘಾಟಿಗೆ ಕಣ್ಣಲ್ಲಿ ನೀರೂ ಬಂತು. ಇಸ್ತ್ರಿಯವನು ಗಾಡಿಯನ್ನೇ ಬಾಗಿಲಿಗೆ ತಂದು, ಒಳಮೈ ಹೊರಗೆ ಮಾಡಿ, ಮೇಲೆ ತೆಳು ಬಟ್ಟೆ ಹಾಸಿ, ಮಗುವಿನ ಬೆನ್ನು ಸವರುವ ಹಾಗೆ ಇಸ್ತ್ರಿ ಹಾಕಿದ.

ನಾಲ್ಕು ಗಂಟೆಗೆ ಸಿಸ್ಟರಮ್ಮ ಕಡುನೀಲಿ ಟಾಪು, ಹೂವಿನ ಪಲಾಝೊ, ಚಪ್ಪಟೆ ಚಪ್ಪಲಿ ತೊಟ್ಟು ನರ್ಸಿಂಗ್ ಹೋಮಿನ ಒಳಗೆ ಕಾಲಿಟ್ಟಳು. ಮೂವತ್ತೊಂದು ವರ್ಷ ಅವಳ ಜೊತೆ ಕೆಲಸ ಮಾಡಿದ ಡಾಕ್ಟರು ಅವಸರದಲ್ಲಿ ಎದುರಾಗಿ, "ಇವತ್ತು ಸಂಜೆ ಪೇಷೆಂಟ್ ನೋಡಲ್ಲಮ್ಮ, ನಮ್ಮ ಸಿಸ್ಟರ್ ಬೀಳ್ಕೊಡುಗೆ ಇದೆ. ಸೋಮವಾರ ಬನ್ನಿ," ಎಂದು ನಾಲ್ಕು ಹೆಜ್ಜೆ ಹೋಗಿ, ನಿಂತು, ತಿರುಗಿ ನೋಡಿದರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಮತ್ತೆ ನೋಡಿದರು. ಅಂದು ಅವರು ಬಾಯಿಪಾಠ ಮಾಡಿಕೊಂಡು ಬಂದಿದ್ದ ಭಾಷಣ ಪೂರ್ತಿ ಮರೆತುಹೋಯಿತು. ಎಲ್ಲರಿಗೂ ಅನ್ನಿಸಿದ್ದು, ಅದೇ ಚೆನ್ನಾಗಿತ್ತು ಎಂದು.

ಮುಗಿದ ಮೇಲೆ ಆಟೋ ಕರೆಯಲೇ ಎಂದು ಪರದೆಯಪ್ಪ ಕೇಳಿದ. "ಬೇಡ. ನಡ್ಕೊಂಡು ಹೋಗೋಣ, ದೊಡ್ಡ ರಸ್ತೆ ಕಡೆಯಿಂದ," ಎಂದಳು ಸಿಸ್ಟರಮ್ಮ. ಅವಳು ಮುಂದೆ, ಪ್ಯಾಂಟಿನ ಅಗಲ ಕಾಲು ಗಾಳಿಗೆ ಹಾರಿ, ಕೂತು, ಮತ್ತೆ ಹಾರುತ್ತಿತ್ತು. ಅವನು ಹಿಂದೆ, ಕಾಣಿಕೆಯಾಗಿ ಬಂದ ದೊಡ್ಡ ಗೋಡೆ ಗಡಿಯಾರವನ್ನು ಎದೆಗೆ ಅವುಚಿಕೊಂಡಿದ್ದ.

ಮನೆ ಹತ್ತಿರ ಬರುವಾಗ ಎದುರುಮನೆ ಅಕ್ಕ ಗೇಟಿನಲ್ಲೇ ಕಾದಿದ್ದಳು. ಬಗ್ಗಿ ಬಟ್ಟೆಯ ಅಂಚು ಹಿಡಿದು ನೋಡಿದಳು, ಬಿಟ್ಟಳು, ಮತ್ತೆ ಹಿಡಿದಳು.

"ಪರದೆಯಪ್ಪ, ನಿಜ ಹೇಳು. ನನ್ನ ಸೊಸೆಗೂ ಒಂದು ತರಿಸೋಣ ಅಂತಿದ್ದೀನಿ. ಅವಳಿಗಲ್ಲ, ಸರಿ, ನನಗೇ ಅನ್ಕೋ. ಇದು ಯಾವ ಬಟ್ಟೆ? ಒಗೆದರೆ ತಡೆಯುತ್ತಾ?"

ಪರದೆಯಪ್ಪ ಬಾಯಿ ತೆರೆದ. ನಲವತ್ತು ವರ್ಷದ ಮಾತು ನಾಲಿಗೆಯ ತುದಿವರೆಗೆ ಬಂದಿತ್ತು. ಬಾಯಿ ಮುಚ್ಚಿದ.

"ನನಗೇನು ಗೊತ್ತು ಅಕ್ಕ," ಎಂದ. "ಬಟ್ಟೆ ವಿಷಯ ಅವಳನ್ನ ಕೇಳಿ."

ಸಿಸ್ಟರಮ್ಮ ಗೇಟಿಗೆ ಒರಗಿ ನಿಂತು, ತಣ್ಣೀರಿನಿಂದ ಶುರುಮಾಡಿದಳು. ಪರದೆಯಪ್ಪ ಗಡಿಯಾರ ಹೊತ್ತು ಪಕ್ಕದಲ್ಲಿ ನಿಂತು, ಒಂದೊಂದು ಮಾತನ್ನೂ ಕೇಳಿಸಿಕೊಂಡ. ಅವನ ತೋಳಿನಲ್ಲಿ ಆರೂಕಾಲು ಆದಾಗ ಅವಳು ಇನ್ನೂ ಒಗೆಯುವುದರಲ್ಲೇ ಇದ್ದಳು, ಒಣಗಿಸುವುದಕ್ಕೆ ಬಂದಿರಲಿಲ್ಲ.